ಲಿನಕ್ಸ್ ಅಳವಡಿಕೆ, ಕಿರುಗಣಕದಲ್ಲಿ (ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ)
2012ರಲ್ಲಿ ಬಂದ ರಾಸ್ಪ್‌ಬೆರಿ ಪೈ 5 ವೋಲ್ಟ್‌ನಲ್ಲಿ ನಡೆಯುವ ಅಂಗೈಯಗಲದ ಕಂಪ್ಯೂಟರು. ಡೆಬಿಯನ್ ಲಿನಕ್ಸ್ ಆಧಾರಿತ ರಾಸ್ಪ್‌ಬೆರಿ ಪೈ ಓಎಸ್ಸನ್ನು ಇನ್ನೊಂದು ಕಂಪ್ಯೂಟರಿನಿಂದ ಮೈಕ್ರೊ ಎಸ್‌ಡಿ ಕಾರ್ಡಿಗೆ ಬರೆದು ಸಿಕ್ಕಿಸಿದರೆ ಅಳವಡಿಕೆ ಮುಗಿಯಿತೆಂಬುದು ರೂಢಿಯ ಮಾತು. ಘಟ್ಟದ ಬುಡದ ಬೆಳ್ತಂಗಡಿಯಲ್ಲಿ, ನೇತ್ರಾವತಿ ದಂಡೆಯ ಬಂಟ್ವಾಳದಲ್ಲಿ, ಮೂಡುಬಿದಿರೆಯಲ್ಲಿ ಅಷ್ಟು ಸಾಲದು. ಮಳೆಗಾಲದ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವ ಊರುಗಳಿವು. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತವ್ಯವಸ್ಥೆ ಕೆಡಬಹುದು. ಆದ್ದರಿಂದ ರಾಸ್ಪಿ-ಕಾನ್ಫಿಗ್ ಎಂಬ ಹೊಂದಾಣಿಕೆ ಸಲಕರಣೆಯಲ್ಲಿ ಓವರ್‌ಲೇ ವ್ಯವಸ್ಥೆಯನ್ನು ಚಾಲೂ ಮಾಡುವುದನ್ನೂ ಅಳವಡಿಕೆಯ ಭಾಗವೆಂದೇ ಎಣಿಸಬೇಕು. ಆಗ ಬದಲಾವಣೆಗಳು ರ‍್ಯಾಮ್‌ನಲ್ಲಷ್ಟೇ ಉಳಿಯುತ್ತವೆ, ಕರೆಂಟು ಹೋದರೂ ಕಾರ್ಡಿನ ಕಡತವ್ಯವಸ್ಥೆ ಕೆಡುವ ಭಯ ಕಡಿಮೆ. ಹಾಗಾದರೆ ಮಾಡಿದ ಕೆಲಸವೂ ಅಳಿಯುತ್ತದಲ್ಲ ಎಂಬ ಆಕ್ಷೇಪ ಸರಿಯೇ. ಕೆಲಸದ ಕಡತಗಳನ್ನು ಯುಎಸ್‌ಬಿ ಡ್ರೈವಿನಲ್ಲಿ ಇಡಬೇಕು; ಡ್ರೈವ್ ಕೆಟ್ಟರೂ ಯಂತ್ರ ಮತ್ತೆ ಏಳುತ್ತದೆ.

ಹಳೆಯ ಡೆಸ್ಕ್‌ಟಾಪೇ ಅಗ್ಗವಲ್ಲವೇ ಎನ್ನುವವರಿದ್ದಾರೆ. ಕೊಳ್ಳುವಾಗ ಹೌದು; ಆದರೆ ಕೆಲವೇ ವಾಟ್ ಬೇಡುವ ಪೈ ಸಾಧಾರಣ ಬ್ಯಾಟರಿಯಲ್ಲೂ ಗಂಟೆಗಟ್ಟಲೆ ನಡೆಯುತ್ತದೆ, ಇಲ್ಲಿ ಲೆಕ್ಕಕ್ಕೆ ಬರುವುದು ಅದೇ. ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳನ್ನೂ ಕನ್ನಡ ಕೀಲಿಮಣೆಯನ್ನೂ ಓವರ್‌ಲೇಗೆ ಮೊದಲೇ ಹಾಕಬೇಕು, ಆಮೇಲೆ ಹಾಕಿದ್ದು ಮರುಚಾಲನೆಗೆ ಅಳಿಯುತ್ತದೆ. ಕನ್ನಡ ಲಿಪಿಯಲ್ಲಿ ಬರೆಯುವ ತುಳುವಿಗೂ ಇವೇ ಸಾಕು. 2024ರಲ್ಲಿ ಯೂನಿಕೋಡ್ ಸೇರಿದ ತುಳು-ತಿಗಳಾರಿ ಲಿಪಿಗೆ ಬೇರೆ ಫಾಂಟ್ ಬೇಕು.