ಕೋವಿಮದ್ದನ್ನು ಲೆಕ್ಕಕ್ಕೆ ತಂದವನು

ಕೊಡಗಿನಲ್ಲಿ ಕೈಲ್‌ಪೊಳ್ದು ಹಬ್ಬದಂದು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವುಂಟಷ್ಟೆ. ಕಾಯಿ ಒಡೆದರೆ ನಾವು ಗುರಿಕಾರನ ಕಣ್ಣನ್ನು ಹೊಗಳುತ್ತೇವೆ. ತಪ್ಪಿದರೆ ಕೈ ನಡುಗಿತೆನ್ನುತ್ತೇವೆ. ಕೋವಿಯೊಳಗಿನ ಮದ್ದಿನ ಮಾತನ್ನು ಎತ್ತುವವರು ವಿರಳ. ಆ ಮಾತನ್ನು ಗಣಿತಕ್ಕೆ ಒಳಪಡಿಸಿದ ಮಹಾಶಯನೊಬ್ಬನು ಈ ಚೆನ್ನೈಗೆ ಅಷ್ಟೇನೂ ದೂರವಲ್ಲದ ಕಡಲೂರಿನಲ್ಲಿ ತೀರಿಕೊಂಡನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಬೆಂಜಮಿನ್ ರಾಬಿನ್ಸ್ ಎಂಬಾತನು 1707ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹುಟ್ಟಿದನು. ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದ ಮನೆತನದವನು ಕೋವಿಯ ಶಾಸ್ತ್ರ ಬರೆದದ್ದು ವಿಚಿತ್ರವೇ ಸರಿ! ಮರದ ಹಲಗೆ ಹೊದಿಸಿದ, ಸುಮಾರು 56 ಪೌಂಡು ತೂಕದ ಕಬ್ಬಿಣದ ಲೋಲಕವೊಂದನ್ನು ಆತನು ಮುಕ್ಕಾಲಿಗೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದನು. ಪೆಟ್ಟಿಗೆ ಅದು ಎಷ್ಟು ಹಿಂದಕ್ಕೆ ತೂಗಿತೆಂಬುದನ್ನು ಪಟ್ಟಿಯಿಂದ ಅಳೆದರಾಯಿತು. ಗುಂಡಿನ ತೂಕವೂ ಲೋಲಕದ ತೂಕವೂ ಗೊತ್ತಿರುವುದರಿಂದ ವೇಗವು ಲೆಕ್ಕಕ್ಕೆ ಸಿಕ್ಕುತ್ತದೆ. ಪೌಂಡಿಗೆ ಹನ್ನೆರಡರಂತೆ ತೂಗುವ ಸೀಸದ ಗುಂಡಿಗೆ ಅದರ ಅರ್ಧ ತೂಕದ ಮದ್ದು ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 1,700 ಅಡಿ. ತೇವ ಹೀರಿದ ಮದ್ದು ಬಲಗುಂದುವುದೆಂದೂ ಆತನು ಕಂಡನು. ಇದೆಲ್ಲವೂ 1742ರಲ್ಲಿ ಅಚ್ಚಾಯಿತು. ಮೂರು ವರ್ಷಗಳಲ್ಲಿ ಸಾಕ್ಷಾತ್ ಆಯ್ಲರನೇ ಅದನ್ನು ಜರ್ಮನ್ ಭಾಷೆಗೆ ತಂದನು.

ಗುಂಡು ಓರೆ ಹೋಗುವುದಕ್ಕೆ ಮತ್ತೊಂದು ಕಾರಣವನ್ನೂ ಆತನು ಹಿಡಿದನು. ನಳಿಗೆಗಿಂತ ಕಿರಿದಾದ ಗುಂಡು ಒಳಗೆ ಉಜ್ಜುತ್ತ ಬಂದು, ಒಮ್ಮೆ ಒಂದು ಬಗೆಯಾಗಿ, ಇನ್ನೊಮ್ಮೆ ಮತ್ತೊಂದು ಬಗೆಯಾಗಿ ತಿರುಗುತ್ತ ಹೊರಬೀಳುತ್ತದೆ. ಗಾಳಿ ಅದನ್ನು ತಳ್ಳುತ್ತದೆ. ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಪ್ರತಿ ಗುಂಡೂ ಒಂದೇ ರೀತಿ ತಿರುಗೀತು. ಈ ರೈಫಲ್ ವಿದ್ಯೆಯನ್ನು ಮೊದಲು ಕೈವಶ ಮಾಡಿಕೊಂಡ ರಾಜ್ಯವು ಉಳಿದವರನ್ನು ಮೀರಿಸುವುದೆಂದು 1747ರಲ್ಲಿಯೇ ಸಾರಿದನು.

ಇಂದು ಸ್ಪರ್ಧೆಗಾಗಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಪರದೇಶದ ಗುರಿಕಾರರು ಮಾಡುವುದೂ ಇದನ್ನೇ. ಅವರು ಮದ್ದನ್ನು ಗ್ರೇನಿನ ಹತ್ತನೆಯ ಒಂದು ಪಾಲಿನವರೆಗೆ ತೂಗುತ್ತಾರೆ. ತೊಲಕ್ಕೆ 180 ಗ್ರೇನು, 96 ಗುಂಜಿ. ಎಂದರೆ ನಮ್ಮ ಅಕ್ಕಸಾಲಿಗನ ಒಂದು ಗುಂಜಿಯಲ್ಲಿ ಅಂಥ ಹದಿನೆಂಟಕ್ಕೂ ಮಿಕ್ಕಿದ ಪಾಲುಗಳು! ಹಿತ್ತಾಳೆಯ ತೋಟಾಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ, ಗುಂಡುಗಳನ್ನು ಒಂದೇ ಆಳಕ್ಕೆ ಕೂರಿಸಿ, ಯಂತ್ರದಿಂದ ವೇಗ ಅಳೆಯುತ್ತಾರೆ. ಅತಿ ವೇಗ ಅವರಿಗೆ ಮುಖ್ಯವಲ್ಲ. ಒಂದು ಗುಂಡಿಗೂ ಇನ್ನೊಂದಕ್ಕೂ ಅಂತರ ಕಡಿಮೆಯಿರಬೇಕು. ದಿನದ ಕೊನೆಗೆ ಜಮಾ-ಖರ್ಚು ಪೈಸೆಗೆ ಪೈಸೆ ತಾಳೆಯಾಗಬೇಕೆನ್ನುವ ಬ್ಯಾಂಕಿನವರಾದ ನಮಗೆ ಈ ಹಟ ಅರ್ಥವಾಗುತ್ತದೆ.

ಕಂಪನಿ ಸರಕಾರವು ರಾಬಿನ್ಸನನ್ನು ತನ್ನ ಕೋಟೆಗಳ ದುರಸ್ತಿಗೆಂದು ನೇಮಿಸಿತು. 1750ರಲ್ಲಿ ಬಂದವನು ಮದರಾಸಿನ ಕೋಟೆಗೂ ಕಡಲೂರಿನ ಸೇಂಟ್ ಡೇವಿಡ್ ಕೋಟೆಗೂ ನಕ್ಷೆ ಹಾಕಿ, ಮರುವರ್ಷದ ಜುಲೈಯಲ್ಲಿ ಜ್ವರದಿಂದ ಅಲ್ಲಿಯೇ ಮಡಿದನು. ಇಂಗ್ಲಿಷರ ಸಾಮಾನ್ಯ ಸಿಪಾಯಿಯ ಕೈಗೆ ಸುರುಳಿ ಗೀರಿನ ಕೋವಿ ಬರುವಷ್ಟರಲ್ಲಿ ಇನ್ನೂ ನೂರು ವರ್ಷ ಕಳೆದಿದ್ದವು.