ಅಭಯ ಯಾರಿಗೆ, ಭಯ ಯಾರದು?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. 119 ಚದರ ಕಿಲೋಮೀಟರಿನ ಹುಲ್ಲು, ಕುರುಚಲು, ನೀಲಗಿರಿ ತೋಪು. ಸಿನಿಮಾದ ಕಾಡು ನೋಡಿದವರು ಇದನ್ನು ಕಾಡು ಅಂತ ಒಪ್ಪಲಿಕ್ಕಿಲ್ಲ. ಆದರೆ ಆ ಹೆಸರನ್ನು ಒಮ್ಮೆ ಬಿಡಿಸಿ ಓದಬೇಕು: ಅಭಯ, ಅರಣ್ಯ. ಅಭಯ ಕೃಷ್ಣಮೃಗಕ್ಕೆ. ಅದು ಸರಿಯೇ, ತಕರಾರಿಲ್ಲ. ಹಾಗಾದರೆ ಭಯ ಯಾರ ಪಾಲಿಗೆ ಉಳಿಯಿತು?

ನಮ್ಮಜ್ಜಿ ಬ್ಯಾಡಗಿ ಕಡೆಯ ಕೇರಿಯಾಕಿ. ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ, ಉಳಿದ ದಿನ ಕಟ್ಟಿಗೆ ಹೊರೆ. ಚಿಕ್ಕವನಿದ್ದಾಗ ನಾನು ದೆವ್ವದ ಕತೆ ಹೇಳು ಅಂತ ಕಾಡಿದರೆ ಆಕೆ ನಗುತ್ತಿದ್ದಳು: "ದೆವ್ವ ಬಂದ್ರ ಅದ ಹಾದಿ ಬಿಡ್ತೈತೋ ತಮ್ಮಾ. ಕಾವಲಿನಾಂವ ಬಂದ್ರ ನಾವ ಹೊರಿ ಬಿಡಬೇಕಾಕ್ಕೈತಿ." ಕಾಡು-ಭಯದ ಸಿನಿಮಾಗಳನ್ನು ನಾನು ಈ ಮಾತಿನಿಂದಲೇ ಓದಲು ಕಲಿತೆ.

ಭಯಕ್ಕೂ ಒಂದು ಭೂಗೋಳವಿದೆ. ನಮ್ಮ ಹಳ್ಳಿಗಳ ಕತೆಗಳಲ್ಲಿ ದೆವ್ವದ ವಿಳಾಸ ಯಾವುದು? ಹಳ್ಳದ ದಂಡೆ, ಹುಣಸೇಮರ, ಸುಡುಗಾಡು, ಊರ ಹೊರಗಿನ ಬಯಲು. ಕೇರಿಯ ವಿಳಾಸವೂ ಹೆಚ್ಚುಕಡಿಮೆ ಅದೇ. ಊರು ಯಾವುದನ್ನು ಮುಟ್ಟಲಾರದೋ ಅದನ್ನೆಲ್ಲ ಒಂದೇ ದಿಕ್ಕಿಗೆ ನೂಕಿತು. ಹೆಣದ ಕುಣಿ ತೋಡುವವರು, ಸತ್ತ ದನ ಎಳೆಯುವವರು, ಹಲಗಿ ಬಾರಿಸುತ್ತ ಮುಂದೆ ನಡೆಯುವವರು ಅಲ್ಲಿಯೇ ಇದ್ದರು. ಊರಿನ ಕಲ್ಪನೆಗೆ ಭೀಕರವಾದದ್ದು ನಮ್ಮವರಿಗೆ ದಿನದ ಬಿಟ್ಟಿ ಚಾಕರಿ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ರಮ್ಯ ಚಿತ್ರವನ್ನು ನಿರಾಕರಿಸಿದ್ದರ ಹಿಂದೆ ಈ ಭೂಗೋಳದ ಅರಿವಿದೆ. ಹೊರಗೆ ಭಯ, ಒಳಗೆ ನೆಮ್ಮದಿ ಎಂಬ ಸೂತ್ರ ಒಳಗಿದ್ದವರ ಸೂತ್ರ.

ಸಿನಿಮಾ ಇದೇ ಸೂತ್ರವನ್ನು ಎತ್ತಿಕೊಂಡಿತು. 1972ರ ಅಮೆರಿಕದ 'ಡೆಲಿವರೆನ್ಸ್' ಚಿತ್ರದಲ್ಲಿ ನಾಲ್ವರು ಪಟ್ಟಣಿಗರು ದೋಣಿಯಲ್ಲಿ ಹೊರಡುತ್ತಾರೆ. ಆ ನದಿಗೆ ಇನ್ನೇನು ಅಣೆಕಟ್ಟು ಬರಲಿದೆ, ಕಣಿವೆ ಮುಳುಗಲಿದೆ. ಮುಳುಗುವವರು ಗುಡ್ಡದ ಬಡವರು. ಆದರೆ ಪರದೆಯ ಮೇಲೆ ಭೀಕರರಾಗಿ ಕಾಣುವವರೂ ಅವರೇ! ಕಳೆದುಕೊಳ್ಳುವವನನ್ನೇ ರಾಕ್ಷಸನನ್ನಾಗಿ ಮಾಡುವ ಈ ವಿದ್ಯೆ ನಮಗೆ ಹೊಸದಲ್ಲ, ನಮ್ಮ ಪುರಾಣಗಳು ಅದನ್ನು ಬಹಳ ಹಿಂದೆಯೇ ಕಲಿತಿದ್ದವು.

ಕನ್ನಡದಲ್ಲಿ ಕಾಡು ಮೊದಲು ಭಯದ ಜಾಗವಾಗಿ ಅಲ್ಲ, ಸರಕಾರದ ಸೊತ್ತಾಗಿ ಜನಪ್ರಿಯವಾಯಿತು. 1973ರ 'ಗಂಧದ ಗುಡಿ'ಯ ನಾಯಕ ಅರಣ್ಯಾಧಿಕಾರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ರಾಣೆಬೆನ್ನೂರಿನ ಬೇಲಿ ಬಂದದ್ದು 1974ರಲ್ಲಿ. ಮೂರೂ ಒಂದೇ ಕಾಲದ ಮಾತುಗಳು. ಕಾಯುವವನು ದೇವರಾದ, ಸರಿ. ಒಲೆಗೆ ಕಟ್ಟಿಗೆ ಆಯುವವಳು ಆ ಕತೆಯಲ್ಲಿ ಎಲ್ಲಿ ನಿಲ್ಲಬೇಕು?

ಭಯದ ಸರದಿ ಆಮೇಲೆ ಬಂತು. 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್' ತೋರಿಸಿದ ದಾರಿಯಲ್ಲಿ, ಕಾಡಿನಲ್ಲಿ ಸಿಕ್ಕ ಕ್ಯಾಮೆರಾದ ಚಿತ್ರಗಳು ಎಂಬ ನೆಪದಲ್ಲಿ, 2013ರಲ್ಲಿ '6-5=2' ಬಂತು. ಚಾರಣಕ್ಕೆ ಹೋದ ಆರು ಜನ ಎಳೆಯರ ಕತೆ. ಹಾವೇರಿಯ ನಮ್ಮ ಹುಡುಗರೂ ಹೆದರಿ ಖುಷಿಪಟ್ಟು ನೋಡಿದರು. ಆದರೆ ಅಲ್ಲಿ ಕಾಡು ಎಂದರೆ ರಜೆಗೆ ಹೋಗುವ ಜಾಗ, ದುಡಿಯುವ ಜಾಗವಲ್ಲ. ದಿನಾ ಕಾಡಿಗೆ ಹೋಗುವವನಿಗೆ ದಾರಿ ತಪ್ಪುವುದು ಅಷ್ಟು ಸುಲಭವಲ್ಲ. 2015ರ 'ರಂಗಿತರಂಗ' ಕಮರೊಟ್ಟು ಎಂಬ ಊರನ್ನು ಕಟ್ಟಿ, ಕರಾವಳಿಯ ಭೂತದ ನಂಬಿಕೆಯನ್ನು ನಿಗೂಢದ ಬಣ್ಣವಾಗಿ ಬಳಸಿತು.

2022ರ 'ಕಾಂತಾರ' ಈ ಸೂತ್ರವನ್ನು ಮುರಿದದ್ದು ನಿಜ. ಭಯದ ಮೂಲ ಕಾಡಿನಲ್ಲಿಲ್ಲ, ಧಣಿಯ ಮನೆಯಲ್ಲಿದೆ ಎಂದು ಅದು ತೋರಿಸಿತು. ಇದಕ್ಕೆ ಅದನ್ನು ಮೆಚ್ಚಲೇಬೇಕು. ಆದರೂ ಎರಡು ಪ್ರಶ್ನೆಗಳು ಉಳಿಯುತ್ತವೆ. ತುಳುನಾಡಿನಲ್ಲಿ ದೈವವನ್ನು ಮೈಮೇಲೆ ಹೊರುವವರು ನಲಿಕೆ, ಪರವ, ಪಂಬದರು. ಪರಿಶಿಷ್ಟ ಜಾತಿಯವರು. ಕೋಲದ ರಾತ್ರಿ ಕೈಮುಗಿಸಿಕೊಂಡವನು ಬೆಳಗಾದ ಮೇಲೆ ಯಾವ ಅಂಗಳದವರೆಗೆ ಹೋಗಬಹುದು? ಚಿತ್ರ ಈ ಪ್ರಶ್ನೆಯನ್ನು ಕೇಂದ್ರಕ್ಕೆ ತರುವುದಿಲ್ಲ. ಅದೇ ನೆಲದಲ್ಲಿ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಇದಕ್ಕಿಂತ ಭೀಕರವಾದ ದೃಶ್ಯವನ್ನು ಯಾವ ನಿರ್ದೇಶಕ ಕಲ್ಪಿಸಿಕೊಂಡಾನು?

ಎರಡನೆಯದು ಕೊನೆಯ ದೃಶ್ಯ. ದೈವ ಅಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಕೂಡಿಸಿ ಕಾಡಿಗೆ ಹೋಗಿಬಿಡುತ್ತದೆ. ಕಣ್ಣಲ್ಲಿ ನೀರು ಬರುತ್ತದೆ, ಸುಳ್ಳಲ್ಲ. ಆದರೆ ಪರದೆಯಾಚೆ ಕೈ ಕೂಡಿಸುವುದು ದೈವವಲ್ಲ, ದಾಖಲೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ಬಹುಪಾಲು ದಲಿತರು ಬರುವುದು ಈ ಸಾಲಿನಲ್ಲಿಯೇ. ಅಕ್ಷರವನ್ನೇ ಕೊಡದಿದ್ದ ಜನರನ್ನು ಈಗ ಕಾಗದ ಎಲ್ಲಿ ಎಂದು ಕೇಳಿದರೆ ಏನು ಹೇಳಬೇಕು? ಈ ಭಯಕ್ಕೆ ಇನ್ನೂ ಸಿನಿಮಾ ಇಲ್ಲ.

ಕಳೆದ ವರ್ಷ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದೆ: ರಾತ್ರಿ ಒಬ್ಬರೇ ಹೋಗಲು ಅಂಜುವ ಜಾಗ ಯಾವುದು? ಕಾಡು, ಸುಡುಗಾಡು, ಹಾಳುಬಾವಿ ಎಂದೆಲ್ಲ ಉತ್ತರ ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಡೆದು ತಡೆದು ಹೇಳಿದಳು: "ಅಗಸಿ, ಸರ್. ರಾತ್ರಿ ಅಲ್ಲ, ಹಗಲೊತ್ತಿನ್ಯಾಗ." ಕ್ಲಾಸು ನಕ್ಕಿತು. ಕೆಲವರು ನಗಲಿಲ್ಲ.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಕಾಡಿನಲ್ಲಲ್ಲ, ಮನೆಯಲ್ಲಿ. ಮಾಡಿದವರು ದೆವ್ವಗಳಲ್ಲ, ಮನುಷ್ಯರು. ಆದರೂ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ದಲಿತ ವಿಮರ್ಶೆ ಭಯದ ಸಿನಿಮಾಗಳನ್ನು ಓದುವುದಾದರೆ ಇಲ್ಲಿಂದಲೇ ಶುರುಮಾಡಬೇಕು. ಪರದೆಯ ಮೇಲೆ ಕಾಡಿನ ಕತ್ತಲೆ ಕಂಡಾಗ, ಕ್ಯಾಮೆರಾ ಯಾವುದಕ್ಕೆ ಬೆನ್ನು ಮಾಡಿ ನಿಂತಿದೆ ಎಂದು ಕೇಳಬೇಕು. ಹಲವು ಸಲ ಅದರ ಬೆನ್ನ ಹಿಂದೆ ಊರು ಇರುತ್ತದೆ.