ಗೆಳೆಯರ ಛಾಯಾಚಿತ್ರಗಳನ್ನು ವಿಮರ್ಶಿಸುವ ಬಗೆ



ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ಚಿನ್ನದ ಗಣಿಗೆ ಹೆಸರಾದ ಊರು. ನೆಲದಾಳದಿಂದ ಎತ್ತಿದ ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂ. ಕಣ್ಣಿಗೆ ಹೊಳಪು ಕಾಣಲಿಲ್ಲವೆಂದು ಅಲ್ಲಿ ಯಾರೂ ಅದಿರನ್ನು ಎಸೆಯುವುದಿಲ್ಲ. ಮಾದರಿ ತೆಗೆದು, ಪುಡಿಮಾಡಿ, ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು.

ಇದೇ ಊರಿನ ವಿದ್ಯಾರ್ಥಿಯೊಬ್ಬ ಮಲ್ಲಪ್ಪ ಶಾಫ್ಟಿನ ಎತ್ತರದ ಗೋಪುರವನ್ನು ಸಂಜೆಯ ಬೆಳಕಿನಲ್ಲಿ ಚಿತ್ರ ತೆಗೆದು ಗೆಳೆಯರಿಗೆ ತೋರಿಸಿದನೆಂದು ಭಾವಿಸೋಣ. ಒಬ್ಬ "ಚಲೋ ಐತಿ" ಎಂದ. ಇನ್ನೊಬ್ಬ "ಏನೂ ಬಂದಿಲ್ಲ ಬಿಡೋ" ಎಂದ. ಮೊದಲ ಮಾತಿನಿಂದ ಅವನಿಗೆ ಸಂತೋಷವಾಗಿರಬಹುದು, ಎರಡನೆಯದರಿಂದ ನೋವಾಗಿರಬಹುದು. ಆದರೆ ಮರುದಿನ ಅದೇ ಗೋಪುರವನ್ನು ಇನ್ನಷ್ಟು ಚೆನ್ನಾಗಿ ತೆಗೆಯುವುದು ಹೇಗೆಂದು ಎರಡೂ ಹೇಳಲಿಲ್ಲ. ಹವ್ಯಾಸಿಗಳು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ, ಉಪಯೋಗವಾಗುವಂತೆ ಮಾತನಾಡುವುದೂ ಒಂದು ವಿದ್ಯೆ. ಅದಕ್ಕೊಂದು ಇತಿಹಾಸವಿದೆ. ಅದರ ಕೆಲವು ಪುಟಗಳು ನಮ್ಮ ನಾಡಿನಲ್ಲಿಯೇ ಇವೆ.

ಲಿನಿಯಸ್ ಟ್ರೈಪ್ ಮದ್ರಾಸ್ ಸೈನ್ಯದ ಅಧಿಕಾರಿ. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ಛಾಯಾಗ್ರಹಣ ಕಲಿತು, 1853ರಲ್ಲಿ ಸ್ಥಾಪನೆಯಾದ ಲಂಡನ್ನಿನ ಛಾಯಾಗ್ರಹಣ ಸಂಘದ ಸದಸ್ಯನಾದ. ಸದಸ್ಯರು ತಮ್ಮ ಚಿತ್ರಗಳನ್ನು ತಂದು ತೋರಿಸುವುದು, ವಿಧಾನಗಳನ್ನು ಮುಚ್ಚಿಡದೆ ಚರ್ಚಿಸುವುದು ಆ ಸಂಘದ ಪದ್ಧತಿ. ಟ್ರೈಪ್ 1854ರಲ್ಲಿ ಬೆಂಗಳೂರಿಗೆ ಮರಳಿ, ಅದೇ ವರ್ಷದ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರಗಳನ್ನು ತೆಗೆದ. ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಅವನ ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕ ದೊರೆಯಿತು.

1855ರಲ್ಲಿಯೇ ಅವನು ಬ್ರಿಟಿಷ್ ನಿಯೋಗದೊಂದಿಗೆ ಬರ್ಮಾ ದೇಶಕ್ಕೆ ಹೋದ. ಅಲ್ಲಿಂದ 200ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ತಂದು, ಬೆಂಗಳೂರಿನಲ್ಲಿ ಮುದ್ರಿಸಿ, 120 ಚಿತ್ರಗಳ ಸಂಗ್ರಹವನ್ನು ಹೊರತಂದ. ಆ ಸಂಗ್ರಹದ ಜೊತೆಗೆ ಅವನು ಬರೆದ ಮಾತು ಗಮನಾರ್ಹ. ಕೆಲವು ಚಿತ್ರಗಳು ದೋಷಪೂರಿತವೆಂದು ಅವನೇ ಒಪ್ಪಿಕೊಂಡ. ಹವಾಮಾನ ಕೆಟ್ಟಿತ್ತು, ಕಾಯಿಲೆಯಿತ್ತು, ಕೆಲಸಕ್ಕೆ ನಿಜವಾಗಿ ದೊರೆತದ್ದು 36 ದಿನಗಳು ಮಾತ್ರ, ಕೆಟ್ಟದ್ದನ್ನು ಮತ್ತೆ ತೆಗೆಯಲು ಅವಕಾಶವಿರಲಿಲ್ಲ ಎಂದು ಕಾರಣಗಳನ್ನೂ ಕೊಟ್ಟ. ಪದಕ ಪಡೆದವನಿಗೂ ತನ್ನ ದೋಷ ಕಾಣುತ್ತಿತ್ತು ಎಂಬುದನ್ನು ನೀವು ಗಮನಿಸಬೇಕು.

ಟ್ರೈಪ್‌ನ ಕಾಲದ ಚಿತ್ರಗಳಲ್ಲಿ ಆಕಾಶ ಬಹುಮಟ್ಟಿಗೆ ಖಾಲಿ ಬಿಳುಪಾಗಿರುತ್ತದೆ. "ಮೋಡಗಳಿಲ್ಲ, ಚಿತ್ರ ಸಪ್ಪೆ" ಎಂದು ಇಂದು ಹೇಳಿಬಿಡುವುದು ಸುಲಭ. ಆದರೆ ಆಗಿನ ರಾಸಾಯನಿಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ದೇವಾಲಯದ ಕಲ್ಲು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶಕ್ಕೆ ಬೆಳಕು ಮಿತಿಮೀರಿ ಬಿದ್ದಿರುತ್ತಿತ್ತು. ಟ್ರೈಪ್ ಕೆಲವೊಮ್ಮೆ ನೆಗೆಟಿವ್ ಮೇಲೆ ಮೋಡಗಳನ್ನು ಕೈಯಿಂದಲೇ ಬರೆದು ಈ ಕೊರತೆ ತುಂಬಿದ. ಚಿತ್ರ ಯಾವ ಉಪಕರಣದಿಂದ, ಯಾವ ಪರಿಸ್ಥಿತಿಯಲ್ಲಿ ಹುಟ್ಟಿತು ಎಂದು ತಿಳಿಯದೆ ಆಡಿದ ಟೀಕೆ ಅರ್ಧ ಟೀಕೆ ಮಾತ್ರ.

ಭಾರತದಲ್ಲಿ 1854ರಲ್ಲಿ ಮುಂಬಯಿಯಲ್ಲಿ, ಅನಂತರ ಕಲ್ಕತ್ತ ಮತ್ತು ಮದ್ರಾಸುಗಳಲ್ಲಿ ಛಾಯಾಗ್ರಹಣ ಸಂಘಗಳು ಹುಟ್ಟಿದವು. ಸಂಘವಿಲ್ಲದ ಊರುಗಳಲ್ಲಿದ್ದವರ ಗತಿಯೇನು? 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟನ್ನಿನ ಹವ್ಯಾಸಿಗಳು ಇದಕ್ಕೊಂದು ಉಪಾಯ ಕಂಡುಕೊಂಡರು. ಸದಸ್ಯರೆಲ್ಲರ ಚಿತ್ರಗಳ ಕಟ್ಟೊಂದು ಅಂಚೆಯ ಮೂಲಕ ಮನೆಯಿಂದ ಮನೆಗೆ ಸುತ್ತುತ್ತಿತ್ತು. ಪ್ರತಿಯೊಬ್ಬರೂ ಇತರರ ಚಿತ್ರಗಳ ಬಗ್ಗೆ ಅಭಿಪ್ರಾಯ ಬರೆದು ಮುಂದಿನವರಿಗೆ ಕಳುಹಿಸುತ್ತಿದ್ದರು. ಟೀಕಿಸುವವನ ಚಿತ್ರವೂ ಅದೇ ಕಟ್ಟಿನಲ್ಲಿರುತ್ತಿತ್ತು. ತನ್ನ ಚಿತ್ರವನ್ನೂ ಇತರರು ನೋಡುತ್ತಾರೆಂಬ ಅರಿವಿದ್ದಾಗ ಮಾತು ತಾನಾಗಿಯೇ ಹದವಾಗುತ್ತದೆ.

ಕರ್ನಾಟಕದಲ್ಲಿ ಈ ಪರಂಪರೆಗೆ ಬಲ ಕೊಟ್ಟವರಲ್ಲಿ ಡಾ. ಜಿ. ಥಾಮಸ್ ಪ್ರಮುಖರು. ವೃತ್ತಿಯಲ್ಲಿ ವೈದ್ಯರಾದ ಅವರ ಮುಂದಾಳತ್ವದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಛಾಯಾಗ್ರಹಣ ಸಂಘಗಳ ಒಕ್ಕೂಟ ಆರಂಭವಾಯಿತು. 1971ರಲ್ಲಿ ಅದೇ ನಗರದಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಸಂಘಗಳು ಸ್ಪರ್ಧೆಗಳನ್ನೂ ನಡೆಸುತ್ತವೆ. ಆದರೆ ಸ್ಪರ್ಧೆಯ ತೀರ್ಪು 'ಸ್ವೀಕೃತ' ಅಥವಾ 'ತಿರಸ್ಕೃತ' ಎಂದಷ್ಟೇ ಹೇಳುತ್ತದೆ. ಏಕೆ ಎಂಬುದನ್ನು ಹೇಳಬೇಕಾದವರು ಜೊತೆಯ ಹವ್ಯಾಸಿಗಳು. ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನ ಪಡೆದರು. ಮುಂದೆ ತಾವೇ ಅನೇಕ ಕಿರಿಯರಿಗೆ ಮಾರ್ಗದರ್ಶಕರಾದರು.

ಇಂಥ ಮಾತುಕತೆ ಚಿತ್ರವನ್ನಷ್ಟೇ ಅಲ್ಲ, ಚಿತ್ರ ತೆಗೆಯುವ ರೀತಿಯನ್ನೂ ತಿದ್ದಬಲ್ಲದು. ಗೂಡಿನಲ್ಲಿರುವ ಹಕ್ಕಿಯ ಚಿತ್ರಗಳಿಗೆ ಹಿಂದೆ ಬಹಳ ಮೆಚ್ಚುಗೆಯಿತ್ತು. ಅದರಿಂದ ಮರಿಗಳಿಗೆ ಅಪಾಯವಾಗುತ್ತದೆ ಎಂಬ ಮಾತು ಹವ್ಯಾಸಿಗಳಲ್ಲಿಯೇ ಬಲವಾಯಿತು. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ.

ಈಗ ಹಟ್ಟಿಯ ಆ ವಿದ್ಯಾರ್ಥಿಯ ಬಳಿಗೆ ಮರಳೋಣ. ಅವನ ಚಿತ್ರವನ್ನು ನೀವು ನೋಡುತ್ತಿದ್ದರೆ ಏನು ಹೇಳುವಿರಿ? ಮೊದಲು ಒಂದು ನಿಮಿಷ ಸುಮ್ಮನೆ ನೋಡಿ. "ಇದರಲ್ಲಿ ಏನನ್ನು ತೋರಿಸಬೇಕೆಂದಿದ್ದೆ?" ಎಂದು ಕೇಳಿ. ಅನಂತರ ನಿಮಗೆ ಕಂಡದ್ದನ್ನು ಹೇಳಿ: "ಗೋಪುರದ ಚಕ್ರಗಳು ಆಕಾಶದ ಎದುರಿಗೆ ಸ್ಪಷ್ಟವಾಗಿವೆ. ಆದರೆ ನನ್ನ ಕಣ್ಣು ಮುಂದಿರುವ ವಿದ್ಯುತ್ ತಂತಿಯ ಮೇಲೆಯೇ ನಿಲ್ಲುತ್ತಿದೆ." ಕೊನೆಗೆ ಮಾಡಬಹುದಾದ ಒಂದೇ ಒಂದು ಸಲಹೆ ಕೊಡಿ: "ಹತ್ತು ಹೆಜ್ಜೆ ಎಡಕ್ಕೆ ನಿಂತು ನೋಡು." ಹತ್ತು ತಪ್ಪುಗಳನ್ನು ಒಮ್ಮೆಗೇ ಎಣಿಸಿದರೆ ಅವನಿಗೆ ನೆನಪಿನಲ್ಲಿ ಉಳಿಯುವುದು ಅವಮಾನ ಮಾತ್ರ. "ನಿನಗೆ ಬರುವುದಿಲ್ಲ" ಎಂಬುದು ಮನುಷ್ಯನ ಮೇಲಿನ ಮಾತು. "ಗೋಪುರ ಎಡಕ್ಕೆ ವಾಲಿದೆ" ಎಂಬುದು ಚಿತ್ರದ ಮೇಲಿನ ಮಾತು. ಹಾಗೆಯೇ ಬರಿಯ ಹೊಗಳಿಕೆಯೂ ಗೆಳೆತನವಲ್ಲ. ಅದು ಗೆಳೆಯನನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ.

ನಿಮ್ಮ ಸುತ್ತ ಮುದಗಲ್ಲಿನ ಕೋಟೆಯಿದೆ, ಕೃಷ್ಣಾ ತೀರದ ಜಲದುರ್ಗವಿದೆ, ಅಶೋಕನ ಶಾಸನವಿರುವ ಮಸ್ಕಿಯ ಬೆಟ್ಟವಿದೆ. ಕೈಯಲ್ಲಿರುವುದು ಮೊಬೈಲ್ ಆದರೂ ಸಾಕು. ನಾಲ್ವರು ಗೆಳೆಯರು ಸೇರಿ ತಿಂಗಳಿಗೊಮ್ಮೆ ತಲಾ ಒಂದು ಚಿತ್ರ ತನ್ನಿ. ಆದರೆ ನಿಮ್ಮ ಚಿತ್ರವನ್ನು ಮುಂದಿಡದೆ ಇನ್ನೊಬ್ಬರ ಚಿತ್ರದ ಬಗ್ಗೆ ಮಾತು ತೆಗೆಯಬೇಡಿ.